ಕಲ್ಲಯ್ಯನ ಇಂಗ್ಲಿಷು

ಹಟ ಹಿಡಿದ ಮನುಷ್ಯನ ಕೈಗೆ ಪುಸ್ತಕ ಸಿಗಬಾರದು. ನನಗೆ ಸಿಕ್ಕಿತು. ಚಾಮರಾಜನಗರದಲ್ಲಿ ಕಚೇರಿ ಮುಗಿಸಿ ಗುಂಡ್ಲುಪೇಟೆ ಬಸ್ಸಿಗೆ ಕಾಯುತ್ತಿದ್ದಾಗ ಹಳೆ ಪುಸ್ತಕದ ಗುಡ್ಡೆಯಿಂದ ತಾನಾಗಿ ಕೈಗೆ ಬಂತು ಎಂಬುದು ನನ್ನ ನೆನಪು. ಮೈಸೂರಿಗೆ ಹೋಗಿ ಹುಡುಕಿ ತಂದಿರಿ ಎಂಬುದು ಹೆಂಡತಿಯ ನೆನಪು. ನನ್ನ ನೆನಪು ಯಾವಾಗಲೂ ನನ್ನ ಪರವಾಗಿಯೇ ಸಾಕ್ಷಿ ಹೇಳುತ್ತದೆ. ಅದಕ್ಕೇ ಅದರ ಮೇಲೆ ನನಗೆ ಅನುಮಾನ. ಇಂಗ್ಲಿಷಿನವರ ಹೆಸರುಗಳ ಹುಟ್ಟು, ಅರ್ಥ ತಿಳಿಸುವ ಪುಸ್ತಕ ಎಂಬುದಂತೂ ನಿಜ.

ತೊಂಬತ್ತರ ದಶಕ. ಮಗ ಹುಟ್ಟಿದ್ದ. ತೀರಿಕೊಂಡಿದ್ದ ಅಪ್ಪನ ಹೆಸರು ಕಲ್ಲಯ್ಯ. ಮಗನಿಗೂ ಅದೇ ಆಗಬೇಕೆಂದು ನನ್ನ ಹಟ. "ನಿಮ್ಮಪ್ಪನ ಹೆಸ್ರು ಮನೇಲಿ ಉಳೀಬೇಕು ಕಣ್ಲಾ," ಎಂದು ಅವ್ವ ಕಣ್ಣೊರೆಸಿಕೊಂಡಳು. ಹೆಂಡತಿ ಸುಮ ಮಾತ್ರ, "ಆ ಹೆಸ್ರಾ? ಇಸ್ಕೂಲಲ್ಲಿ ಮಗೀನ ಆಡ್ಕತಾರೆ. ರೋಹಿತ್ ಅಂತ ಇಡನ," ಎಂದಳು. ನಾನು ಪುಸ್ತಕ ತೆಗೆದೆ. "ನೋಡು, ಜಾರ್ಜ್ ಅಂದ್ರೆ ಭೂಮಿ ಉಳೋನು. ನಮ್ಮ ಬೇಗೂರಿನ ತುಂಬ ಜಾರ್ಜುಗಳೇ! ಮಾರ್ಗರೆಟ್ ಅಂದ್ರೆ ಮುತ್ತು, ಹರವೆ ಊರಲ್ಲಿರೋ ನಿಮ್ಮ ಮುತ್ತಮ್ಮತ್ತೆ. ಪೀಟರ್ ಅಂದ್ರೆ ಕಲ್ಲು. ಅವರಿಗಿಲ್ಲದ ನಾಚಿಕೆ ನಮಗ್ಯಾಕೆ?"

"ಮುತ್ತಮ್ಮತ್ತೆನ ಮಾರ್ಗರೆಟ್ಟು ಅಂತ ಕರೆದು ನೋಡ್ರಿ, ಪೊರಕೆ ತಕತಾರೆ," ಎಂದಳು ಸುಮ.

ತೊಟ್ಟಿಲಿಗೆ ಹಾಕುವ ದಿನ ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ, ಎಂದರೆ ನನ್ನ ತಂಗಿ. ಪಕ್ಕದಲ್ಲೇ ಪೊಲೀಸಿನವನಂತೆ ನಿಂತು 'ಕಲ್ಲಯ್ಯ' ಎಂದು ಹೇಳಿಸಿದೆ. ಗೆದ್ದೆ. ಮಾರನೆಯ ದಿನ ಮಗು ಅತ್ತಾಗ ಅವ್ವ, "ಅಳಬ್ಯಾಡ ಕಣಪ್ಪ..." ಎಂದು ತಡವರಿಸಿ ನಿಂತಳು. ಹೆಸರು ಹಿಡಿದು ಕರೆಯವ್ವ ಎಂದೆ. "ಥೂ, ಗಂಡನ ಹೆಸ್ರ ಬಾಯಲ್ಲಿ ಹೇಳಾದುಂಟಾ?" ಸುಮಳ ಕಡೆ ತಿರುಗಿದೆ. "ಮಾವನ ಹೆಸ್ರ ನಾನೆಂಗೆ ಹೇಳ್ಲಿ?" ಅಷ್ಟು ದಿನದ ಜಗಳದಲ್ಲಿ ಇಬ್ಬರೂ ಒಮ್ಮೆಯೂ ಆ ಹೆಸರನ್ನು ಬಾಯಿಗೆ ತಂದಿರಲಿಲ್ಲ ಎಂದು ಆಗ ಹೊಳೆಯಿತು. ನಾನೋ ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆ ಇಳಿಯುವವನು. ಅಷ್ಟು ಹಟದಿಂದ ಇಡಿಸಿದ ಹೆಸರನ್ನು ಹಗಲೆಲ್ಲ ಕರೆಯುವವರೇ ಇಲ್ಲ.

ಒಂದು ಸಂಜೆ ಹೊಸಿಲಲ್ಲೇ ಅವ್ವನ ಮುದ್ದು ಕೇಳಿಸಿತು: "ಸುಮ್ಕಿರ್ಲಾ ಪೀಟ್ರು, ನನ್ ಬಂಗಾರ!" ನಾನು ಬೆಚ್ಚಿಬಿದ್ದೆ. ಸುಮ ಶಾಂತವಾಗಿ, "ಅರ್ಥ ಒಂದೇ ಅಂತ ನೀವೇ ತೋರಿಸಿದ್ರಲ್ಲ. ಮಾವನ ಹೆಸ್ರೂ ಉಳೀತು, ನಮ್ ಬಾಯಿಗೂ ದೋಸ ಇಲ್ಲ," ಎಂದಳು.

ಗಂಡನ ಹೆಸರನ್ನೂ ಅವಳು ಹೇಳುವವಳಲ್ಲ, ಮಗನ ಹೆಸರಿಗೆ ಅಪ್ಪ ಸೇರಿಸಿಯೇ ಕರೆಯಬೇಕು. ಈಗ, "ಪೀಟ್ರಪ್ಪಾ, ಕಾಪಿ ಆರೋಯ್ತದೆ ಬನ್ನಿ," ಎಂದು ಬೀದಿಗೆಲ್ಲ ಕೇಳುವಂತೆ ಕರೆಯುತ್ತಾಳೆ. ಮೊದಲ ಸಲ ಕರೆದಾಗ ನಾನು ಹಟ ಹಿಡಿದು ಓಗೊಡಲೇ ಇಲ್ಲ, ಕಾಪಿ ಆರಿಯೇ ಹೋಯಿತು ಎಂಬುದು ನನ್ನ ನೆನಪು.