ಯಾರೂ ಹೊಡೆಯದ ವಜೀರ

ಚದುರಂಗ ಆಡುವವನಿಗೆ ಮರ್ಯಾದಸ್ಥರ ಸಹವಾಸ ಬೇಡವೇ ಬೇಡ. ಕಿಡಿಗೇಡಿಗೆ ಸೋತರೆ ಮನೆಗೆ ಬಂದು ಬೈದಾದರೂ ಹಗುರಾಗಬಹುದು. ಸಂಭಾವಿತರಿಗೆ ಸೋತರೆ ಆ ಸುಖವೂ ಇಲ್ಲ. ರೋಣದ ನಮ್ಮ ಕ್ಲಬ್ಬಿನ ಶೇಖರಪ್ಪನವರು, ಔಷಧ ಅಂಗಡಿಯವರು, ಅಂಥ ಸಂಭಾವಿತರು. ಮುಂದಿನ ಭಾನುವಾರ ನರಗುಂದದ ಕ್ಲಬ್ಬಿನ ಜೊತೆ ಪಂದ್ಯ. ನಮ್ಮ ಕಡೆಯಿಂದ ಮೊದಲ ಬೋರ್ಡಿಗೆ ಕೂರುವವರು ಅವರೋ ನಾನೋ ಎಂಬುದು ಒಂದೇ ಆಟದಲ್ಲಿ ತೀರ್ಮಾನವಾಗಬೇಕಿತ್ತು. ನಾನಂತೂ ಕುರ್ಚಿ ಸಿಗುವ ಮೊದಲೇ ಗಜೇಂದ್ರಗಡದ ಬೀಗರಿಗೆ ಫೋನು ಮಾಡಿ, "ನನ್ನ ಆಟ ನೋಡಾಕ ಬರ್ರಿ" ಎಂದುಬಿಟ್ಟಿದ್ದೆ.

ಹೇಳಿದ ಮೇಲೆ ಗೆಲ್ಲಬೇಕಲ್ಲ! ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಇಟಾಲಿಯನ್ ಓಪನಿಂಗ್ ಎಂಬ ಆರಂಭದ ನಡೆಗಳನ್ನು ಕಲಿತೆ. ಹೆಂಡತಿ, "ಕುಕ್ಕರ್ ಎಷ್ಟ ಸಲ ಕೂಗಿತ್ರಿ?" ಎಂದರೆ, "ಒಂಟೆ ಹೊರಗ ಬಂತು" ಎನ್ನುತ್ತಿದ್ದೆ. ಆ ಓಪನಿಂಗಿನಲ್ಲೊಂದು ಹಳೆಯ ಬಲೆಯಿದೆ. ಬೋರ್ಡಿನ ಮೇಲೆ ಎಲ್ಲರಿಗಿಂತ ಬಲವಾದ ವಜೀರನನ್ನೇ ಬಿಟ್ಟುಕೊಡಬೇಕು. ಎದುರಿನವರು ಆಸೆಬಿದ್ದು ಹೊಡೆದರೋ, ನಮ್ಮ ಒಂಟೆ, ಕುದುರೆ ಸೇರಿ ಅವರ ರಾಜನನ್ನು ಅಲ್ಲೇ ಮುಗಿಸುತ್ತವೆ.

ಆಟದ ದಿನ ಶೇಖರಪ್ಪನವರು ಪಾಪ, ವಿಡಿಯೋದಲ್ಲಿದ್ದಂತೆಯೇ ನಡೆಸುತ್ತ ಬಂದರು. ಕುದುರೆ ಎತ್ತಿ ಅವರ ಪ್ಯಾದೆ ಹೊಡೆದೆ. ನನ್ನ ವಜೀರ ಅವರ ಒಂಟೆಯ ಎದುರಿಗೆ ಬಯಲಾದ. ಮುಖವನ್ನು ಆದಷ್ಟು ಪೆದ್ದಾಗಿ ಇಟ್ಟುಕೊಂಡೆ. ಅದಕ್ಕೆ ನಾನು ಹೆಚ್ಚು ಕಷ್ಟಪಡಬೇಕಾಗಿಲ್ಲ.

"ಸರ, ವಜೀರ ಹೋಗತಾನ್ರಿ. ಕುದರಿ ಹಿಂದಕ್ಕ ಇಡ್ರಿ," ಎಂದರು ಶೇಖರಪ್ಪನವರು. ಅಯ್ಯೋ! ವಜೀರನನ್ನು ಹೇಳದೆ ಹೊಡೆಯಬಾರದು, ತಪ್ಪಿ ನಡೆದವರಿಗೆ ಒಂದು ಸಲ ಹಿಂದಕ್ಕೆ ಇಡಗೊಡಬೇಕು ಎಂಬುದು ನಮ್ಮ ಕ್ಲಬ್ಬಿನ ರಿವಾಜು. ವಿಡಿಯೋದವನಿಗೆ ಅದು ಗೊತ್ತಿರಲಿಲ್ಲ. ಗೊತ್ತಿದ್ದ ನಾನು ಮರೆತಿದ್ದೆ. "ಇರ್ಲಿ ಬಿಡ್ರಿ, ಹೊಡೀರಿ" ಎಂದೆ. "ಏ, ಹ್ಯಾಂಗ ಹೊಡೀಲ್ರಿ? ನೀವೇನ್ ಹೊರಗಿನವರೇನ್ರಿ?" "ಖರೇನ ಹೊಡೀರಿ ಅಂತೀನಿ!" ಎಂದು ಅಂಗಲಾಚಿದೆ. ಸುತ್ತ ನಿಂತವರು, "ಸರಗ ನಾಚಿಕಿ ಬಂದೈತಿ" ಎಂದು ನಕ್ಕರು. ಯಾರೋ ಪುಣ್ಯಾತ್ಮರು ನನ್ನ ಕುದುರೆಯನ್ನು ಎತ್ತಿ ಹಳೆಯ ಮನೆಯಲ್ಲೇ ಕೂರಿಸಿಬಿಟ್ಟರು. ಬಲೆಯ ಆಚೆಗೆ ನಾನು ಏನನ್ನೂ ಕಲಿತಿರಲಿಲ್ಲ. ವಿಡಿಯೋ ಅಲ್ಲಿಗೇ ಮುಗಿದಿತ್ತು. ಸ್ವಲ್ಪ ಹೊತ್ತಿಗೆ ಆಟವೂ ಮುಗಿಯಿತು.

ಶೇಖರಪ್ಪನವರು ನನ್ನ ಹೆಗಲ ಮೇಲೆ ಕೈಯಿಟ್ಟರು. "ಸರ, ವಜೀರನ್ನ ಹಂಗ ಬಯಲಾಗ ಬಿಡಬ್ಯಾಡ್ರಿ. ನಾವಾದ್ರ ಹೇಳತೀವಿ. ನರಗುಂದದ ಮಂದಿ ಭಾಳ ಬೆರಕಿ. ಹೇಳಾಂಗಿಲ್ಲ, ಕೇಳಾಂಗಿಲ್ಲ, ಹೊಡದ ಬಿಡತಾರ!"

ನನಗೆ ಅಳುವೇ ಬಂತು. ಅಂಥ ದೇವರಂಥ ಮಂದಿ ನರಗುಂದದಲ್ಲಿ ಕಾದಿದ್ದಾರೆ, ಅವರೆದುರು ಕೂರಲು ಹೊರಟವರು ಶೇಖರಪ್ಪನವರು.