ಜಗಲಿಗೆ ಗ್ರಿಲ್ ಹಾಕಿಸಿದ್ದು

ಪ್ರೈವೆಸಿ ವಿಷಯದಲ್ಲಿ ನನಗೆ ಸ್ವಲ್ಪ ಜಂಬ, ಒಪ್ಪಿಕೊಳ್ಳುತ್ತೇನೆ. ಕಾನ್ವೆಂಟಿನಲ್ಲಿ ಓದಿದವಳು ನೋಡಿ. ಬಾಗಿಲು ಹಾರುಹೊಡೆದಿದ್ದರೂ ಹೊಸ್ತಿಲಾಚೆ ನಿಂತು ‘ಮೇ ಐ ಕಮ್ ಇನ್, ಸಿಸ್ಟರ್?’ ಎನ್ನಬೇಕಿತ್ತು. ಕರೆಯದೆ ಒಳಗೆ ಕಾಲಿಟ್ಟರೆ ಅದು ಇಂಟ್ರೂಷನ್. ಆ ಪದವನ್ನು ಸೀರೆಗಳ ಜೊತೆ ಟ್ರಂಕಿನಲ್ಲಿಟ್ಟುಕೊಂಡು ಹನೂರಿಗೆ ಸೊಸೆಯಾಗಿ ಬಂದೆ. ಇಲ್ಲೋ, ಜೋಳದ ಹೊಲಕ್ಕೆ ಆನೆ ನುಗ್ಗಿದರೆ ಮಾತ್ರ ಇಂಟ್ರೂಷನ್. ಎದುರುಮನೆ ಗೌರಮ್ಮ ಸೀದಾ ಅಡುಗೆಮನೆಗೆ ಬಂದು ಸಾರಿನ ಮುಚ್ಚಳ ತೆಗೆದು, “ಉಳಿ ಮುಂದಾಯ್ತು ಕಣಕ್ಕ” ಎಂದರೆ ಅದು ವಿಶ್ವಾಸ. ಬಸ್ಸಿನಲ್ಲಿ ಪಕ್ಕ ಕೂತವರು ನನ್ನ ಬಿ.ಪಿ. ಮಾತ್ರೆಯ ಹೆಸರು ಕೇಳಿದರೆ ಅದು ಕಾಳಜಿ. ಅರ್ಥಗಳು ಹೀಗೆ ಬೆಳೆಯುತ್ತಲೇ ಹೋದವು. ನನ್ನ ಡಿಕ್ಷನರಿ ಅಲ್ಲೇ ನಿಂತಿತು.

ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವ ಪರಸೆಯವರಂತೂ ಯಾರನ್ನೂ ಕೇಳದೆ ವರ್ಷವರ್ಷವೂ ನಮ್ಮ ಜಗಲಿಯಲ್ಲೇ ಕಾಲು ಚಾಚುತ್ತಿದ್ದರು. ನಾನು ಗೊಣಗಿಕೊಂಡೇ ಮಜ್ಜಿಗೆ ಕೊಡುತ್ತಿದ್ದೆ. ಕೊಟ್ಟೂ ಕೊಟ್ಟೂ ಕೌದಳ್ಳಿಯವರೆಗೆ ‘ಮಜ್ಗೆಯವ್ವ’ ಎಂದು ಹೆಸರಾದೆ. ಇಂಗ್ಲಿಷ್ ಕಲಿತಿದ್ದಕ್ಕೆ ಯಾರೂ ಬಿರುದು ಕೊಟ್ಟಿರಲಿಲ್ಲ, ಮಜ್ಜಿಗೆಗೆ ಸಿಕ್ಕಿತು! ಈ ವರ್ಷ ಜಗಲಿಗೆ ಬಿಳಿ ಟೈಲ್ಸ್ ಹಾಕಿಸಿದೆ. ಕೊಳೆಯಾದೀತೆಂದು ಗ್ರಿಲ್ಲನ್ನೂ ಹಾಕಿಸಿದೆ. ಪರಸೆ ಬಂತು, ಗ್ರಿಲ್ ನೋಡಿತು, ರಸ್ತೆ ದಾಟಿ ಗೌರಮ್ಮನ ಜಗಲಿಯ ಮೇಲೆ ಕೂತಿತು. ಕಿಟಕಿಯಿಂದ ನೋಡಿದೆ. ನನ್ನ ಮಜ್ಜಿಗೆ ಹೊಗಳಿದ ಬಾಯಿಗಳೆಲ್ಲ ಗೌರಮ್ಮನ ಪಾನಕ ಹೀರುತ್ತಿವೆ! ಇನ್ನೊಂದು ಗಳಿಗೆ ಸುಮ್ಮನಿದ್ದರೆ ಅವಳು ‘ಪಾನಕದವ್ವ’ ಆಗಿಬಿಡುತ್ತಾಳೆ.

ಮಜ್ಜಿಗೆ ಪಾತ್ರೆ ಎತ್ತಿಕೊಂಡು ರಸ್ತೆ ದಾಟಿದೆ. ಯಾರೂ ಕರೆದಿರಲಿಲ್ಲ, ನಾನೂ ಕೇಳಲಿಲ್ಲ, ಗೌರಮ್ಮನ ಜಗಲಿಯ ನಟ್ಟನಡುವೆ ಹೋಗಿ ನಿಂತೆ.

ಪರಸೆಯ ಮುದುಕಿಯೊಬ್ಬಳು ಬಾಯಿ ಬಿಟ್ಟಳು: “ಅಯ್ಯೊ, ಮಜ್ಗೆಯವ್ವ! ಕಂಬಿ ಕಂಡು, ನೀವು ಮನೆ ಮಾರ್ಕಂಡು ಓದ್ರೇನೋ ಅನ್ಕಂಡೊ ಕಣವ್ವ!”

“ಎಲ್ಲಿಗೂ ಹೋಗಿಲ್ಲ. ಏಳಿ, ನಮ್ಮನೆಗೆ ಬನ್ನಿ.”

ಗೌರಮ್ಮ ಸೊಂಟದ ಮೇಲೆ ಕೈಯಿಟ್ಟಳು. “ಅಲ್ಲ ಕಣಕ್ಕ, ಕರೀದೆ ಬಂದು ನಮ್ಮನೆ ನೆಂಟ್ರನ್ನೇ ಎಬ್ಬುಸ್ಕಂಡು ಓಯ್ತಿದ್ದೀರಲ್ಲ, ಇದ್ಕೆ ನಿಮ್ ಇಂಗ್ಲೀಸ್ನಲ್ಲಿ ಏನಂದಾರು?”

“ಹಾಸ್ಪಿಟಾಲಿಟಿ,” ಎಂದೆ, ತಲೆಯೆತ್ತಿ.

ಪರಸೆ ನನ್ನ ಹಿಂದೆ ಎದ್ದು ಬಂತು. ಪಾತ್ರೆ ತಳ ಕಂಡಿತು, ಬಿಳಿ ಟೈಲ್ಸ್ ಕಾಣದಾಯಿತು. ಅವರು ಹೋದ ಮೇಲೆ ನನ್ನ ಸೊಸೆ ಒರೆಸಲು ಬಟ್ಟೆ ತಂದಳು. “ಇರಲಿ ಬಿಡಮ್ಮ,” ಎಂದೆ. “ಗೌರಮ್ಮ ಒಂದ್ಸಲ ಬಂದು ನೋಡ್ಕೊಂಡು ಹೋಗಲಿ.”