ಬಾತುಕೋಳಿ ಊರಿಗೊಂದು ಟಿಕೆಟ್

ನನ್ನ ಮೊಮ್ಮಗಳಿಗೆ ಎರಡು ಹಲ್ಲು ಬಂದಿವೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಷ್ಟು ದೊಡ್ಡ ಸುದ್ದಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಬೇರೆ ವಿಷಯ ಬರೆಯುವುದು ನನ್ನಿಂದಾಗದ ಕೆಲಸ. ಕೆಳಗಿನ ಸಾಲಿನಲ್ಲಿ ಬಂದಿವೆ, ಅಕ್ಕಿಕಾಳಿನಷ್ಟಿವೆ. ಲಂಡನ್ನಿನ ಹೇಸ್‌ನಲ್ಲಿ ನಾವಿದ್ದ ಬೀದಿಯವರಿಗೆಲ್ಲ ಗೊತ್ತಾಗಿದೆ. ಅಂಚೆಯವನಿಗೆ ಎರಡು ಸಲ ಹೇಳಿದ್ದೇನೆ, ಹಲ್ಲಿಗೊಂದರಂತೆ. ಮಗುವಿನ ಹೆಸರು ಚುಕ್ಕಿ, ವಯಸ್ಸು ಹತ್ತು ತಿಂಗಳು. ನನ್ನ ಹೆಸರು ಮುಖ್ಯವಲ್ಲ. ಈಗೀಗ ಎಲ್ಲರೂ ನನ್ನನ್ನು ಚುಕ್ಕಿಯ ತಾತ ಎಂದೇ ಕರೆಯುತ್ತಾರೆ, ನಾನೇ ಕರೆಯಿಸಿಕೊಳ್ಳುತ್ತೇನೆ ಎಂದರೂ ಸರಿ.

ಓದಿದ್ದು ಏಳನೇ ಕ್ಲಾಸು. ಆಮೇಲೆ ಮೂವತ್ತೆರಡು ವರ್ಷ ಚಿತ್ರದುರ್ಗದ ಕಡೆ ಬಸ್ ಕಂಡಕ್ಟರ್ ಆಗಿದ್ದೆ. ಹಾಗಾಗಿ ಊರುಗಳ ವಿಷಯದಲ್ಲಿ ಮಾತ್ರ ನಾನು ಪಂಡಿತ. ಒಂದು ಊರು ಎಂಥದ್ದು ಎಂದು ತಿಳಿಯಲು ಅದರ ಬಸ್ ಸ್ಟ್ಯಾಂಡಿನಲ್ಲಿ ಹತ್ತು ನಿಮಿಷ ನಿಂತರೆ ಸಾಕು. ಬಸ್ಸು ಬಂದಾಗ ಜನ ನುಗ್ಗುತ್ತಾರೋ, ಮುದುಕಿಯನ್ನು ಮೊದಲು ಹತ್ತಿಸುತ್ತಾರೋ. ಹೊರಟ ಬಸ್ಸಿನ ಹಿಂದೆ ಓಡುವವನನ್ನು ಕಂಡು ನಗುತ್ತಾರೋ, ಹೋಲ್ಡಾನ್ ಎಂದು ಕೂಗುತ್ತಾರೋ. ಇಷ್ಟು ನೋಡಿದರೆ ಆ ಊರಿಗೆ ಹೆಣ್ಣು ಕೊಡಬಹುದೇ ಬೇಡವೇ ಎಂದು ಹೇಳಬಲ್ಲೆ. ಹೆಂಡತಿ ತೀರಿಕೊಂಡ ಮೇಲೆ ಮಗಳ ಮನೆಗೆ ಬಂದವನು ಹೇಸ್‌ನ ಬಸ್ಸುಗಳನ್ನೂ ಹೀಗೆಯೇ ಪರೀಕ್ಷೆ ಮಾಡಿ ಪಾಸು ಮಾಡಿದ್ದೆ. "ಇಂಥ ಬಸ್ಸು ಭೂಮಿ ಮೇಲೆ ಇನ್ನೆಲ್ಲೂ ಇಲ್ಲ ಬಿಡವ್ವ" ಎಂದು ದಿನಾ ಬೆಳಿಗ್ಗೆ ಮಗಳ ಮುಂದೆ ಹೊಗಳುತ್ತಿದ್ದೆ. ಅದೇ ನನಗೆ ತಿರುಗಿಬಿತ್ತು.

ಮಗಳು ರೂಪಾ ಡಾಕ್ಟರು. ಅವಳಿಗೆ ಸಫೊಕ್ ಎಂಬ ಕೌಂಟಿಯ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಕೌಂಟಿ ಎಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ಈ ಜಿಲ್ಲೆಯ ತುಂಬ ಹೊಲ, ಕುರಿ, ಚರ್ಚು. ಅಲ್ಲಿ ಯಾವ ಊರಿನಲ್ಲಿ ಮನೆ ಮಾಡುವುದು ಎಂದು ಅವಳೂ ಅಳಿಯ ಕಿರಣನೂ ಕಂಪ್ಯೂಟರಿನಲ್ಲಿ ದೊಡ್ಡ ಪಟ್ಟಿ ಮಾಡಿದರು. ಶಾಲೆ, ಜಿಪಿ ಎನ್ನುವ ಊರ ಡಾಕ್ಟರು, ಪಾರ್ಕು, ಹೊಳೆ ನೀರು ನುಗ್ಗುತ್ತದೋ ಇಲ್ಲವೋ, ಎಲ್ಲಕ್ಕೂ ಒಂದೊಂದು ಕಾಲಂ. ಕೊನೆಗೆ ಮೂರು ಊರು ಉಳಿದವು. ಅವುಗಳ ಹೆಸರು ನನ್ನ ನಾಲಿಗೆಗೆ ಹತ್ತಲಿಲ್ಲ. ಫೋಟೋ ನೋಡಿ ನಾನೇ ನಾಮಕರಣ ಮಾಡಿದೆ: ಗಡಿಯಾರದೂರು, ಸೇತುವೆಯೂರು, ಬಾತುಕೋಳಿ ಊರು.

ಪಟ್ಟಿಯಲ್ಲಿ ಬಸ್ಸಿಗೆ ಕಾಲಂ ಇರಲಿಲ್ಲ. ನನಗೂ ಇರಲಿಲ್ಲ. ಮೂರು ರೂಮಿನ ಮನೆಯಂತೆ: ಒಂದು ಅವರಿಬ್ಬರಿಗೆ, ಒಂದು ಚುಕ್ಕಿಗೆ, ಇನ್ನೊಂದರ ಎದುರು 'ಸ್ಟಡಿ' ಎಂದಿತ್ತು. ಅಳಿಯ ಮನೆಯಲ್ಲೇ ಕೂತು ವಿಮಾನದ ಸರಕಿನ ಕೆಲಸ ನೋಡುವವನು, ಅವನಿಗೆ ರೂಮು ಬೇಕು, ನ್ಯಾಯವೇ. ಅದಾದ ಎರಡು ದಿನಕ್ಕೆ ಮಗಳು ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದಳು: "ಅಪ್ಪ ಹೇಸ್ ಬಿಟ್ಟು ಬರೋದು ಡೌಟು ಕಣೇ. ಶಿವಣ್ಣೋರ ಮನೇಲಿ ಮೇಲಿನ ರೂಮ್ ಖಾಲಿ ಇದೆಯಂತೆ." ಶಿವಣ್ಣ ನನ್ನ ವಾಕಿಂಗ್ ಗೆಳೆಯ, ಒಳ್ಳೆಯ ಮನುಷ್ಯ. ಆದರೆ ಅವನಿಗೆ ಬರಬೇಕಾದ ಹಲ್ಲೆಲ್ಲ ಬಂದು ಹೋಗಿವೆ, ಅವನನ್ನು ನೋಡಿಕೊಂಡು ನಾನೇನು ಮಾಡಲಿ?

ಬಾಯಿಬಿಟ್ಟು ಕೇಳಬಹುದಿತ್ತು. ಕೇಳಲಿಲ್ಲ. 'ನಾನೂ ಬರಲಾ' ಎಂದು ಮಗಳನ್ನು ಕೇಳಿ, ಅವಳು ಒಂದು ಕ್ಷಣ ಯೋಚಿಸಿದರೂ ನನ್ನ ಎದೆ ಒಡೆಯುತ್ತಿತ್ತು. ಅದರ ಬದಲು ಕಂಡಕ್ಟರನ ತಲೆ ಓಡಿಸಿದೆ. ಹೇಸ್‌ನಿಂದ ಹೊರಟರೆ ಮಧ್ಯಾಹ್ನದೊಳಗೆ ಚುಕ್ಕಿಯ ಹತ್ತಿರ ಇರುವಂತೆ ಯಾವ ಊರಿಗೆ ಬಸ್ಸಿದೆಯೋ ಆ ಊರೇ ಒಳ್ಳೆಯ ಊರು. ಹೇಗಾದರೂ ಮಾಡಿ ಅದನ್ನೇ ಆರಿಸುವಂತೆ ಮಾಡಬೇಕು.

ಒಂದು ಶನಿವಾರ ಎಲ್ಲರೂ ಕಾರಿನಲ್ಲಿ ಊರು ನೋಡಲು ಹೊರಟೆವು. ಗಡಿಯಾರದೂರಿನಲ್ಲಿ ಅವರು ಮನೆಯ ಮಾಡು ನೋಡುತ್ತಿದ್ದಾಗ ನಾನು ಸ್ಟಾಪಿನಲ್ಲಿ ನಿಂತೆ. ಬಸ್ಸು ಬಂತು, ನಾಲ್ಕು ಜನ ಇಳಿದರು, ಒಬ್ಬರಿಗೊಬ್ಬರು ಏನೂ ಹೇಳದೆ ನಾಲ್ಕು ದಿಕ್ಕಿಗೆ ಹೋದರು. ನಾಪಾಸು. ಸೇತುವೆಯೂರಿನಲ್ಲಿ ಸ್ಟಾಪು ಚೆನ್ನಾಗಿತ್ತು, ಕೂರಲು ಬೆಂಚಿತ್ತು, ಬಸ್ಸು ಮಾತ್ರ ಬರಲಿಲ್ಲ. ಬೆಂಚಿನ ಮೇಲೆ ಕೂತಿದ್ದ ಅಜ್ಜನನ್ನು "ಬಸ್?" ಎಂದು ಕೇಳಿದೆ. ಅವನು ಆಕಾಶ ನೋಡಿದ. ನಮ್ಮ ಕಡೆ ಮಳೆಯ ವಿಷಯ ಕೇಳಿದರೆ ಹಾಗೆ ನೋಡುತ್ತಾರೆ.

ಬಾತುಕೋಳಿ ಊರಿನಲ್ಲಿ ಕೆರೆಯ ಪಕ್ಕವೇ ಸ್ಟಾಪು. ಬಾತುಕೋಳಿಗಳು ರಸ್ತೆ ದಾಟುವವರೆಗೂ ಬಸ್ಸು ನಿಂತಿತ್ತು. ನನ್ನ ಅರ್ಧ ಮನಸ್ಸು ಅಲ್ಲೇ ಹೋಯಿತು. "ಅರ್ಧ ಗಂಟೆ ಚುಕ್ಕಿಗೆ ಬಾತುಕೋಳಿ ತೋರಿಸ್ತಿರ್ತೀನಿ, ನೀವು ಮನೆ ನೋಡ್ರಿ" ಎಂದೆ. ಅವರು ಆ ಕಡೆ ತಿರುಗಿದ್ದೇ ತಡ, ಮಗುವಿನ ಗಾಡಿಯ ಸಮೇತ ಬಸ್ಸು ಹತ್ತಿದೆ. ಇಷ್ಟು ಸಣ್ಣ ಊರು, ಒಂದು ಸುತ್ತು ಹೊಡೆದು ಕಾಲು ಗಂಟೆಯಲ್ಲಿ ವಾಪಸ್ ಬಿಡುತ್ತದೆ ಎಂಬುದು ನನ್ನ ಮೂವತ್ತೆರಡು ವರ್ಷದ ಅನುಭವ. ಬಸ್ಸು ಊರು ದಾಟಿತು. ಹೊಲ ದಾಟಿತು. ಇನ್ನೊಂದು ಊರಿಗೆ ಹೋಯಿತು. ನನ್ನ ಫೋನು ಕಾರಿನಲ್ಲಿತ್ತು.

ಗಾಬರಿಯಾದಾಗ ಮನುಷ್ಯ ತನಗೆ ಗೊತ್ತಿರುವ ಕೆಲಸ ಮಾಡುತ್ತಾನಂತೆ. ನಾನು ಎದ್ದು ಬಾಗಿಲ ಹತ್ತಿರ ನಿಂತೆ. ಆ ಬಸ್ಸಿನಲ್ಲಿ ಕಂಡಕ್ಟರ್ ಇಲ್ಲ, ಪಾಪ, ಡ್ರೈವರೇ ಎಲ್ಲ. ಒಂದು ಕೈಯಲ್ಲಿ ಚುಕ್ಕಿಯ ಗಾಡಿ ಹಿಡಿದು ಇನ್ನೊಂದು ಕೈಯಲ್ಲಿ ಅಜ್ಜಿಯರ ಸಂತೆಚೀಲ ಎತ್ತಿ ಒಳಗಿಟ್ಟೆ. ಇಳಿಯುವವರಿಗೆ ನಾನೇ ಗಂಟೆ ಒತ್ತಿದೆ. ಎಲ್ಲರೂ ಹತ್ತಿದ ಮೇಲೆ "ರೈಟ್, ರೈಟ್!" ಎಂದೆ. ಡ್ರೈವರು ಹಿಂತಿರುಗಿ ಒಮ್ಮೆ ನೋಡಿದ, ಎರಡನೇ ಸ್ಟಾಪಿನಿಂದ ನಾನು ರೈಟ್ ಅನ್ನುವವರೆಗೂ ಕಾದ. ಒಬ್ಬಾಕೆ ದೊಡ್ಡ ನಾಯಿಯೊಂದಿಗೆ ಹತ್ತಿದಳು. ನಮ್ಮಲ್ಲಿ ಕೋಳಿಗೂ ಲಗೇಜು ಹಾಕಿದವನು ನಾನು. "ಡಾಗ್, ಟಿಕೆಟ್?" ಎಂದೆ. ಇಡೀ ಬಸ್ಸು ನಕ್ಕಿತು. ಚುಕ್ಕಿಯೂ ನಕ್ಕಳು, ಆಗ ಎರಡು ಹಲ್ಲೂ ಕಂಡವು. ಅಜ್ಜಿಯರೆಲ್ಲ ಬಗ್ಗಿ ಬಗ್ಗಿ ನೋಡಿದರು. ನಾನು ಸರತಿಯಲ್ಲಿ ಬರಲು ಹೇಳಿದೆ, ಒಬ್ಬೊಬ್ಬರಿಗೂ "ಚುಕ್ಕಿ, ಟೂ ಟೀತ್" ಎಂದು ವಿವರಿಸಿದೆ. ವಾಪಸ್ ಬರುವಷ್ಟರಲ್ಲಿ ಒಂದು ಗಂಟೆ ಹತ್ತು ನಿಮಿಷವಾಗಿತ್ತು, ಅಷ್ಟೂ ಜನಕ್ಕೆ ಮಗುವಿನ ಹೆಸರು ಬಾಯಿಪಾಠವಾಗಿತ್ತು.

ಸ್ಟಾಪಿನಲ್ಲಿ ಮಗಳು ನಿಂತಿದ್ದಳು. ಅವಳ ಹಿಂದೆ ಅಳಿಯ, ಅವನ ಹಿಂದೆ ಮನೆ ತೋರಿಸಲು ಬಂದಿದ್ದ ಏಜೆಂಟು, ಮೂವರ ಪ್ಯಾಂಟೂ ಮೊಣಕಾಲವರೆಗೆ ಒದ್ದೆ. ಕೆರೆಯಲ್ಲಿ ಹುಡುಕಿದ್ದರು ಎಂದು ಆಮೇಲೆ ಗೊತ್ತಾಯಿತು.

"ಏನಪ್ಪ ನಿಂದು! ಜೀವ ಬಾಯಿಗೆ ಬಂದಿತ್ತು! ಬಸ್ ಯಾಕೆ ಹತ್ತಿದೆ?" ಮಗಳು ಅಳುತ್ತಲೇ ಕೂಗಿದಳು.

"ನೋಡೋಣ ಅಂತ..."

"ಏನು ನೋಡೋಣ ಅಂತ?"

ಅಲ್ಲಿಗೆ ನನ್ನ ಕಟ್ಟೆಯೂ ಒಡೆಯಿತು. "ಶಿವಣ್ಣನ ಮನೆಯಿಂದ ಮಗೂನ ನೋಡಕ್ಕೆ ಬರೋದು ಹೆಂಗೆ ಅಂತ ಕಣವ್ವ! ಕಾರು ನನಗೆ ಬರಲ್ಲ. ಬಸ್ಸಿಲ್ಲದ ಊರಿಗೆ ನೀವು ಹೋಗ್ಬಿಟ್ರೆ ನಾನೇನು ಮಾಡ್ಲಿ?"

ಅವಳು ನನ್ನನ್ನೇ ನೋಡಿದಳು. "ಶಿವಣ್ಣೋರ ಮನೆಗೆ ಹೋಗ್ಬೇಕು ಅಂತ ನಿನಗೆ ಯಾರು ಹೇಳಿದ್ರು? ದಿನಾ ಬೆಳಗಾದ್ರೆ ಹೇಸ್ ಬಸ್ಸು, ಹೇಸ್ ಬಸ್ಸು ಅಂತ ನೀನೇ ಅಲ್ವಾ ಕುಣಿಯೋದು? ಬಾ ಅಂದ್ರೆ ಬೇಜಾರಾಗಿ ಬರ್ತೀಯೇನೋ ಅಂತ ನಾನು ಹೆದರಿಕೊಂಡು ಕೇಳಲಿಲ್ಲ."

"ಮತ್ತೆ ಆ ಸ್ಟಡಿ ರೂಮು?"

"ಮಾವ," ಅಳಿಯ ಪ್ಯಾಂಟು ಹಿಂಡುತ್ತ ಹೇಳಿದ, "ನೀವು ಬರೋದಾದ್ರೆ ನಾನು ಮೆಟ್ಟಿಲ ಕೆಳಗೆ ಬೇಕಾದ್ರೂ ಕೂತು ಕೆಲಸ ಮಾಡ್ತೀನಿ. ಇನ್ನೊಂದ್ಸಲ ಮಾತ್ರ ಹೇಳದೆ ಬಸ್ ಹತ್ಬೇಡಿ."

ಬಸ್ಸಿನ ಕಿಟಕಿಯಿಂದ ನಾಯಿಯಾಕೆ "ಬೈ ಬೈ, ಚುಕ್ಕಿ!" ಎಂದು ಕೈಬೀಸಿದಳು. ಅವಳ ಹಿಂದೆ ಆರು ಅಜ್ಜಿಯರು ಬೀಸಿದರು. ಡ್ರೈವರು ನನ್ನ ಮುಖ ನೋಡುತ್ತ ನಿಂತೇ ಇದ್ದ. "ರೈಟ್" ಎಂದೆ, ಹೊರಟ. ಮಗಳು ಕಣ್ಣೊರೆಸಿಕೊಂಡು ಗಂಡನಿಗೆ, "ಆ ಪಟ್ಟಿ ಡಿಲೀಟ್ ಮಾಡ್ರಿ" ಎಂದಳು.

ಬಾತುಕೋಳಿ ಊರಿಗೆ ಮನೆ ಬದಲಿಸುವ ದಿನ ಇನ್ನೊಂದು ತಮಾಷೆಯಾಯಿತು. ಕಾರಿನಲ್ಲಿ ಚುಕ್ಕಿಯ ಸೀಟು, ಚುಕ್ಕಿಯ ತೊಟ್ಟಿಲು, ಚುಕ್ಕಿಯ ಸ್ನಾನದ ಟಬ್ಬು ಹತ್ತಿದ ಮೇಲೆ ತಾತನಿಗೆ ಜಾಗವಿರಲಿಲ್ಲ. ಮನೆಯಲ್ಲಿ ರೂಮಿದೆ, ಕಾರಿನಲ್ಲಿ ಸೀಟಿಲ್ಲ. "ಎರಡನೇ ಟ್ರಿಪ್‌ಗೆ ಬಂದು ಕರ್ಕೊಂಡು ಹೋಗ್ತೀನಿ ಮಾವ" ಎಂದ ಅಳಿಯ. ಬಸ್ಸಿರುವಾಗ ಕಾರೇಕೆ ಎಂದು ಬಿಗುಮಾನದಿಂದ ಹೇಳಿ, ಇಡ್ಲಿ ಪಾತ್ರೆ ತೊಡೆಯ ಮೇಲಿಟ್ಟುಕೊಂಡು ಎರಡು ರೈಲು ಬದಲಿಸಿ ಆ ಬಸ್ಸಿನ ಬುಡಕ್ಕೆ ಬಂದೆ.

ಅದೇ ಡ್ರೈವರು. ಪಾಸು ತೋರಿಸಿದೆ. ಇಲ್ಲಿ ಪಾಸಿದ್ದವರನ್ನೂ ಕೇಳುತ್ತಾರೆ. "ಎಲ್ಲಿಗೆ?" ಎಂದ. ಮೂವತ್ತೆರಡು ವರ್ಷ ದಿನಕ್ಕೆ ಸಾವಿರ ಸಲ ನಾನು ಕೇಳಿದ ಪ್ರಶ್ನೆ. ಉತ್ತರ ಹೇಳುವ ಕಡೆ ನಿಂತಾಗ ನಾಲಿಗೆ ಹೊರಳಲಿಲ್ಲ. ಊರಿನ ನಿಜವಾದ ಹೆಸರನ್ನು ಮಗಳು ಚೀಟಿಯಲ್ಲಿ ಬರೆದುಕೊಟ್ಟಿದ್ದಳು. ಅದು ಕೋಟಿನೊಳಗಿನ ಸ್ವೆಟರಿನೊಳಗಿನ ಅಂಗಿಯ ಜೇಬಿನಲ್ಲಿತ್ತು, ಕೈಯಲ್ಲಿ ಇಡ್ಲಿ ಪಾತ್ರೆಯಿತ್ತು, ಹಿಂದೆ ಐದು ಜನ ಸಾಲಾಗಿ ನಿಂತಿದ್ದರು. ಬಾಯಿಗೆ ಬಂದದ್ದು ಒಂದೇ ಹೆಸರು.

"ಚುಕ್ಕಿ" ಎಂದೆ.

ಅವನು ತಲೆಯಾಡಿಸಿ ಬಾತುಕೋಳಿ ಊರಿಗೆ ಟಿಕೆಟ್ ಹರಿದುಕೊಟ್ಟ. ಇಳಿಯುವ ಊರಿನ ಹೆಸರು ಹೇಳಲು ಬಾರದೆ ಮೊಮ್ಮಗಳ ಹೆಸರು ಹೇಳುವ ಮುದುಕ ನನ್ನ ಬಸ್ಸಿಗೆ ಹತ್ತಿದ್ದರೆ, ನಾನು ಮುಂದಿನ ಸ್ಟಾಪಿನಲ್ಲೇ ಹೋಲ್ಡಾನ್ ಹೇಳಿ ಇಳಿಸಿಬಿಡುತ್ತಿದ್ದೆ.